ಹಸಿರು ನೀರಿಗೆ ಬೂಷ್ಟಿನ ಬಲೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನಿಯಲ್ಲ. ಕಾರಖಾನೆಯೊಂದರ ಸೋಸುವ ಖಾತೆಯಲ್ಲಿ ಬಹುಕಾಲ ದುಡಿದವನು. ಸರಕನ್ನು ತಯಾರಿಸುವುದಕ್ಕಿಂತ ಅದನ್ನು ನೀರಿನಿಂದ ಬೇರೆ ಮಾಡುವುದೇ ಹೆಚ್ಚು ಕಷ್ಟವೆಂದು ಅಲ್ಲಿ ಕಲಿತೆ. ಇಂದು ನಾನು ಹೇಳಹೊರಟಿರುವುದೂ ಅಂಥದೇ ಒಂದು ಕಷ್ಟದ ಮಾತು.

ಕೆರೆಯ ನೀರನ್ನು ಹಸಿರಾಗಿಸುವ ಪಾಚಿಯನ್ನು ತಾವೆಲ್ಲರೂ ಕಂಡಿದ್ದೀರಿ. ಅದರಲ್ಲಿ ಕೆಲವು ಜಾತಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದು ಕಣವೂ ನಮ್ಮ ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿನಷ್ಟು. ಬಿಸಿಲು, ಗಾಳಿ, ಕೊಳೆನೀರು ಸಿಕ್ಕರೆ ಸಾಕು, ಬೆಳೆದು ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತವೆ. ಆ ಎಣ್ಣೆಯಿಂದ ಡೀಸೆಲ್ಲಿಗೆ ಬದಲಾಗುವ ಇಂಧನ ಮಾಡಬಹುದು.

ಹಾಗಾದರೆ ಮಾಡಬಾರದೇಕೆ? ಲೆಕ್ಕ ನೋಡಿ. ಒಂದು ಲೀಟರು ಹಸಿರು ನೀರಿನಲ್ಲಿ ಒಣಪಾಚಿ ಸುಮಾರು ಅರ್ಧ ಗ್ರಾಂ. ಸಾವಿರ ಲೀಟರು ನೀರಿಗೆ ಅರ್ಧ ಕಿಲೋ. ಅದರಲ್ಲಿ ಕಾಲುಪಾಲು ಎಣ್ಣೆಯೆಂದರೂ 125 ಗ್ರಾಂ! ಅಷ್ಟಕ್ಕಾಗಿ ಸಾವಿರ ಲೀಟರು ನೀರನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಬೇಕು. ಬರುವ ಎಣ್ಣೆಗಿಂತ ಸುಡುವ ವಿದ್ಯುತ್ತೇ ಭಾರವಾದೀತು. ತಾನಾಗಿ ತಳಕ್ಕೆ ಇಳಿಯಲಿ ಎನ್ನೋಣವೆಂದರೆ, ಕಣಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕ ಹಾಕಿದರೆ ಮುದ್ದೆಗಟ್ಟುತ್ತವೆ ನಿಜ. ಆದರೆ ಪಟಿಕದ ಅಲ್ಯೂಮಿನಿಯಂ ಪಾಚಿಯಲ್ಲಿಯೇ ಉಳಿಯುತ್ತದೆ.

ಈ ಕಷ್ಟ ನಮ್ಮ ಮೈಸೂರಿಗೆ ಹೊಸದಲ್ಲ. ಅಲ್ಲಿಯ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಎಲ್. ವಿ. ವೆಂಕಟರಾಮನ್ ಮೊದಲಾದವರು ಆಹಾರಕ್ಕಾಗಿ ಪಾಚಿ ಬೆಳೆಸಿದರು. ಸೆನೆಡೆಸ್ಮಸ್ ಎಂಬ ಸಣ್ಣ ಪಾಚಿಗೆ ಯಂತ್ರ ಬೇಕು. ಸ್ಪಿರುಲಿನಾ ಎಂಬುದು ಎಳೆಎಳೆಯಾಗಿ ಬೆಳೆಯುವ ಜಾತಿ. ಅದನ್ನು ಬಟ್ಟೆಯಲ್ಲಿಯೇ ಸೋಸಬಹುದು. ಎಳೆಯಿದ್ದರೆ ಬಟ್ಟೆ ಸಾಕು, ಇಲ್ಲದಿದ್ದರೆ ಯಂತ್ರ ಬೇಕು. ಪಾಠ ಇಷ್ಟೆ.

ಎಳೆಯಿಲ್ಲದ ಪಾಚಿಗೆ ಎಳೆಯನ್ನು ಎಲ್ಲಿಂದ ತರುವುದು? ಇಲ್ಲಿಯೇ ಬೂಷ್ಟು ನೆರವಿಗೆ ಬರುತ್ತದೆ. ಹಳೆಯ ರೊಟ್ಟಿಯ ಮೇಲೆ ಹತ್ತಿಯಂತೆ ಹಬ್ಬುವ ಬೂಷ್ಟು ಬರಿಯ ಎಳೆಗಳ ಹೆಣಿಗೆ. ಅದರ ಬೀಜಕಣಗಳನ್ನು ಸಕ್ಕರೆ ನೀರಿನಲ್ಲಿ ಅಲುಗಾಡಿಸುತ್ತ ಇಟ್ಟರೆ ಎರಡು ಮೂರು ದಿನಗಳಲ್ಲಿ ಸಾಬಕ್ಕಿಯಂಥ ಬಿಳಿಯ ಗುಂಡುಗಳಾಗುತ್ತವೆ. ಅವನ್ನು ಹಸಿರು ನೀರಿಗೆ ಹಾಕಿ ಕದಡಿದರೆ ಪಾಚಿಯ ಕಣಗಳು ಎಳೆಗಳಿಗೆ ಅಂಟಿಕೊಳ್ಳುತ್ತವೆ. ಗುಂಡು ಹಸಿರಾಗುತ್ತದೆ, ನೀರು ತಿಳಿಯಾಗುತ್ತದೆ. ಆಮೇಲೆ ಜರಡಿ ಸಾಕು. ಆಸ್ಟ್ರೇಲಿಯದ ಸಂಶೋಧಕರು 2014ರಲ್ಲಿ ಇಂಥ ಕೆಲಸವನ್ನು ಪ್ರಕಟಿಸಿದರು. ಗೋಧಿಯ ಹುಲ್ಲನ್ನೂ ಹಂದಿ ಸಾಕಣೆಯ ಕೊಳೆನೀರನ್ನೂ ಮೇವಾಗಿ ಬಳಸಿ ನೋಡಿದರು. ಬೂಷ್ಟಿನಲ್ಲಿಯೂ ಎಣ್ಣೆ ಇರುವುದರಿಂದ ಅದೂ ವ್ಯರ್ಥವಲ್ಲ.

ಪಾಚಿ ಮತ್ತು ಶಿಲೀಂಧ್ರಗಳ ಈ ನಂಟು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಮಸಾಲೆಗೆ ಹಾಕುವ ಕಲ್ಲುಹೂವು, ಇಲ್ಲಿಯ ನೆರೆಯವರು ದಗಡಫೂಲ ಎನ್ನುವರಲ್ಲ, ಅದು ಹೂವೂ ಅಲ್ಲ, ಗಿಡವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿದ ಸಂಸಾರ. ಒಂದು ಮನೆ ಕೊಡುತ್ತದೆ, ಇನ್ನೊಂದು ಅನ್ನ ಬೇಯಿಸುತ್ತದೆ.

ಆದರೆ ಒಂದು ಪಕ್ಕದ ಮಾತನ್ನೇ ಆಡಬಾರದು. ಬೂಷ್ಟಿಗೆ ಸಕ್ಕರೆ ಕೊಂಡು ಹಾಕಿದರೆ ಉಳಿತಾಯವೆಲ್ಲಿ? ಆಸ್ಟ್ರೇಲಿಯದವರು ಬಳಸಿದ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು ದುರ್ಬಲರ ಶ್ವಾಸಕೋಶಕ್ಕೆ ಅಪಾಯಕರ. ಕೊಳದ ಬಳಿ ದುಡಿಯುವವರು ನಮ್ಮಂಥವರೇ ಅಲ್ಲವೆ? ಜಪಾನಿನಲ್ಲಿ ಸೋಯಾ ರಸಕ್ಕೆ ಬಳಸುವ ಒರೈಜೆಯಂಥ ನಿರಪಾಯ ಜಾತಿಯನ್ನೇ ಆರಿಸಬೇಕು. ದೊಡ್ಡ ತೈಲ ಕಂಪನಿ ಎಕ್ಸಾನ್‌ಮೊಬಿಲ್ 2009ರಲ್ಲಿ ಪಾಚಿಯ ಇಂಧನಕ್ಕೆ ಕೈಹಾಕಿ 2023ರ ಹೊತ್ತಿಗೆ ಹಿಂದೆಗೆಯಿತು. ನಾಳೆಯೇ ಬಸ್ಸು ಪಾಚಿಯಿಂದ ಓಡೀತೆಂದು ನಾನು ಹೇಳಲಾರೆ.

ಆದರೂ ಕೊಳೆನೀರು ಶುದ್ಧವಾಗುವುದೇ ಒಂದು ಲಾಭ. ಎಣ್ಣೆ ಬಂದರೆ ಮೇಲಿನ ಲಾಭ. ಅಂಬರನಾಥದಿಂದ ನಮ್ಮ ಪಕ್ಕದಲ್ಲಿಯೇ ಹರಿದು ಹೋಗುವ ವಾಲಧುನಿಯ ನೀರನ್ನು ದಿನವೂ ಮೂಗು ಮುಚ್ಚಿಕೊಂಡು ದಾಟುವವರು ನಾವು. ಕಾರಖಾನೆಯ ವಿಷ ಬೆರೆತಲ್ಲಿ ಪಾಚಿಯೂ ಬಾಳದು. ವಿಷವನ್ನು ಮೊದಲು ಬಾಗಿಲಲ್ಲಿಯೇ ತಡೆಯಬೇಕು. ಮನೆಗಳ ಕೊಳೆಗಾದರೆ ಈ ಜೋಡಿಯಿಂದ ಉಪಾಯ ಹುಟ್ಟೀತು. ರಸಾಯನಶಾಸ್ತ್ರ, ಜೀವಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳು ಈ ಕಡೆ ಮನಸ್ಸು ಕೊಡಲಿ. ಸೋಸುವ ಕೆಲಸ ಕೀಳಲ್ಲವೆಂದು ಈ ಹಳೆಯ ಕೆಲಸಗಾರನ ಅನುಭವ.