ಕಂಡದ್ದೆಷ್ಟು, ಉಳಿದದ್ದೆಷ್ಟು



ಸೈಕೆಡೆಲಿಕ್, ಅಂದರೆ ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಮದ್ದು, ಎಂದೊಡನೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಅದೊಂದು ಚಟ, ಹಾಳಾಗುವ ದಾರಿ ಎಂಬುದು ಹಿರಿಯರ ಮಾತು. ಇಪ್ಪತ್ತು ವರ್ಷದ ಧ್ಯಾನವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುವ ಒಳದಾರಿ ಎಂಬುದು ಬೆಂಗಳೂರಿನ ಕೆಲವು ಹುಡುಗರ ಮಾತು. ಎರಡನ್ನೂ ನಾನು ಒಪ್ಪಲಾರೆ. ಕಾರಣ ಹೇಳಬೇಕಾದರೆ 1962ರ ಏಪ್ರಿಲ್ 20ರಂದು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ನಡೆದದ್ದನ್ನು ಮೊದಲು ಹೇಳಬೇಕು.

ಅವತ್ತು ಗುಡ್ ಫ್ರೈಡೇ. ಮೇಲಿನ ದೊಡ್ಡ ಮಂದಿರದಲ್ಲಿ ಹೊವರ್ಡ್ ಥರ್ಮನ್ ಅವರ ಪ್ರವಚನ. 1936ರಲ್ಲಿ ಪತ್ನಿ ಸ್ಯೂ ಜೊತೆ ಬಾರ್ಡೋಲಿಗೆ ಬಂದು ಗಾಂಧೀಜಿಯನ್ನು ಕಂಡಿದ್ದ ಕಪ್ಪು ಅಮೆರಿಕನ್ ಪಾದ್ರಿ ಇವರು. ಗಾಂಧೀಜಿ ಆಸೆಪಟ್ಟು ಕೇಳಿದ್ದರಿಂದ ಶಿಲುಬೆಯ ದಿನದ ಹಾಡೊಂದನ್ನು ಆ ದಂಪತಿ ಹಾಡಿ ತೋರಿಸಿದ್ದರು. ಈಗ ಅದೇ ಥರ್ಮನ್ನರ ದನಿ ಧ್ವನಿವರ್ಧಕದಲ್ಲಿ ಕೆಳಗಿನ ನೆಲಮಾಳಿಗೆಯ ಪುಟ್ಟ ಚಾಪೆಲ್‌ಗೆ ಇಳಿದು ಬರುತ್ತಿತ್ತು. ಅಲ್ಲಿ ಕೂತಿದ್ದವರು ಪಾದ್ರಿಗಳಾಗಲು ಓದುತ್ತಿದ್ದ 20 ವಿದ್ಯಾರ್ಥಿಗಳು ಮತ್ತು ಅವರನ್ನು ನೋಡಿಕೊಳ್ಳುವ ಜೊತೆಗಾರರು. ಪ್ರಯೋಗ ನಡೆಸಿದ್ದು ವಾಲ್ಟರ್ ಪಾಂಕಿ. ವೈದ್ಯ, ಪಾದ್ರಿ, ಹಾರ್ವರ್ಡ್‌ನ ಸಂಶೋಧಕ. ಅರ್ಧ ವಿದ್ಯಾರ್ಥಿಗಳಿಗೆ ಅವರು ಸೈಲೋಸೈಬಿನ್ ಕೊಟ್ಟರು. ಮೆಕ್ಸಿಕೋದ ಮಜಾಟೆಕ್ ಜನ ರೋಗ ಕಳೆಯುವ ರಾತ್ರಿಪೂಜೆಯಲ್ಲಿ ಬಳಸುವ ಅಣಬೆಯಿಂದ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಬೇರ್ಪಡಿಸಿದ ವಸ್ತು ಅದು. ಉಳಿದರ್ಧ ಮಂದಿಗೆ ಸಿಕ್ಕಿದ್ದು ನಿಕೋಟಿನಿಕ್ ಆಮ್ಲ. ಅದನ್ನು ನುಂಗಿದರೆ ಮೈ ಬಿಸಿಯಾಗುತ್ತದೆ, ಮುಖ ಕೆಂಪೇರುತ್ತದೆ. ಹಾಗಾಗಿ ಅಸಲಿ ಮದ್ದು ತಮಗೇ ಬಂತೆಂದು ಮೊದಮೊದಲು ಅವರಲ್ಲಿ ಕೆಲವರು ನಂಬಿದರು. ಸ್ವಲ್ಪ ಹೊತ್ತಿನಲ್ಲೇ ಗುಟ್ಟು ರಟ್ಟಾಯಿತು.

ಆ ಜೊತೆಗಾರರಲ್ಲಿ ಒಬ್ಬರು ಹ್ಯೂಸ್ಟನ್ ಸ್ಮಿತ್. ಜಗತ್ತಿನ ಧರ್ಮಗಳ ಬಗ್ಗೆ ಆಗಲೇ ಹೆಸರಾಂತ ಪುಸ್ತಕ ಬರೆದಿದ್ದವರು, ರಾಮಕೃಷ್ಣ ಪರಂಪರೆಯ ಸ್ವಾಮಿಯೊಬ್ಬರ ಬಳಿ ವೇದಾಂತ ಕಲಿತವರು. ಅವರಿಗೂ ಅವತ್ತು ಸೈಲೋಸೈಬಿನ್ ಸಿಕ್ಕಿತು. ಭಕ್ತರು ವರ್ಣಿಸುವಂತೆ ದೇವರನ್ನು ಮುಖಾಮುಖಿ ಕಂಡ ಅನುಭವ ತನಗೆ ಅದಕ್ಕೆ ಮುಂಚೆ ಆಗಿರಲೇ ಇಲ್ಲ ಎಂದು ಮುಂದೆ ಅವರು ಹೇಳಿಕೊಂಡರು. ಬುದ್ಧಿಯಲ್ಲಿ ನಿರ್ಗುಣವನ್ನು ಒಪ್ಪಿಕೊಂಡಿದ್ದ ಪಂಡಿತನಿಗೆ ನೆಲಮಾಳಿಗೆಯಲ್ಲಿ ಸಗುಣ ಎದುರಾಯಿತು. ವಚನ, ಕೀರ್ತನೆ ಕೇಳಿ ಬೆಳೆದ ನಮಗೆ ಇದು ಎಂಥ ದೊಡ್ಡ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಅದೇ ಸ್ಮಿತ್ ಬದುಕಿನುದ್ದಕ್ಕೂ ಪಟ್ಟು ಹಿಡಿದು ಹೇಳಿದ್ದು, ಧರ್ಮದ ಕೆಲಸ ಅನುಭವ ಕೊಡುವುದಲ್ಲ, ಬಾಳನ್ನು ಬದಲಿಸುವುದು ಎಂದು.

ಅವತ್ತು ಇನ್ನೊಬ್ಬನ ಕತೆ ಬೇರೆಯಾಯಿತು. ಕ್ರಿಸ್ತನ ಬರವನ್ನು ಲೋಕಕ್ಕೆ ಸಾರಲು ತಾನು ನೇಮಕಗೊಂಡಿದ್ದೇನೆ ಎನಿಸಿ ಆ ವಿದ್ಯಾರ್ಥಿ ಚಾಪೆಲ್ ಬಿಟ್ಟು ಬೀದಿಗೆ ಓಡಿದ. ಹಿಡಿದು ತಂದು ಥೊರಾಜಿನ್ ಎಂಬ ಮನಸ್ಸು ಶಾಂತಗೊಳಿಸುವ ಮದ್ದನ್ನು ಚುಚ್ಚಬೇಕಾಯಿತು. ಪಾಂಕಿ ಈ ಇಂಜೆಕ್ಷನ್ ವಿಷಯವನ್ನು ತಮ್ಮ ಪ್ರಬಂಧದಲ್ಲಿ ಬರೆಯಲಿಲ್ಲ. ಸುಮಾರು ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಎಂಬವರು ಆ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, 1991ರಲ್ಲಿ ವರದಿ ಪ್ರಕಟಿಸಿದ ಮೇಲೆಯೇ ಇದು ಹೊರಬಂದದ್ದು. ಸೈಲೋಸೈಬಿನ್ ಪಡೆದವರಲ್ಲಿ ಡಾಬ್ಲಿನ್‌ಗೆ ಮಾತಿಗೆ ಸಿಕ್ಕಿದ್ದು ಏಳು ಜನ. ಅಷ್ಟೂ ಮಂದಿ ಅದನ್ನು ನಿಜವಾದ ಆಧ್ಯಾತ್ಮಿಕ ಅನುಭವ ಎಂದೇ ಹೇಳಿದರು. ಜೊತೆಗೆ, ಸಾಯುತ್ತಿದ್ದೇನೆ, ಹುಚ್ಚು ಹಿಡಿಯುತ್ತಿದೆ ಎಂಬ ಭಯವೂ ಬಂದಿತ್ತು ಎಂದು ಹಲವರು ಹೇಳಿದರು. ಈ ಎರಡೂ ಮಾತು ಸೇರಿದರೇ ಚಿತ್ರ ಪೂರ್ತಿಯಾಗುವುದು. ಮೊದಲನೆಯದನ್ನಷ್ಟೇ ಹೇಳುತ್ತ ಬಂದದ್ದು ಆ ಓಡಿಹೋದ ಹುಡುಗನಿಗೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ.

ಈಗ ನನ್ನ ವಿಷಯ. ಕೆಲಸದ ಮೇಲೆ ಕೆಲವು ವರ್ಷ ನೆದರ್ಲೆಂಡ್ಸ್‌ನಲ್ಲಿದ್ದೆ. ಅಲ್ಲಿ 2008ರಲ್ಲಿ ಸೈಲೋಸೈಬಿನ್ ಇರುವ ಅಣಬೆಯನ್ನು ನಿಷೇಧಿಸಿದರು; ಅದೇ ವಸ್ತುವುಳ್ಳ ಟ್ರಫಲ್ ಎಂಬ ಗಡ್ಡೆಗೆ ನಿಷೇಧವಿಲ್ಲ. ಅಪ್ಪ ತೀರಿಕೊಂಡಾಗ ನಾನು ಊರಿಗೆ ಬರಲಾಗಿರಲಿಲ್ಲ. ಅಳುವೂ ಬಂದಿರಲಿಲ್ಲ. ದಾದಿಯಾಗಿ ದುಡಿದು ನಿವೃತ್ತರಾದ ಒಬ್ಬ ಹೆಂಗಸು ನನ್ನ ಜೊತೆ ಹಲವು ಸಲ ಕೂತು ಮಾತಾಡಿ, ಮನೆಯವರ ಕಾಯಿಲೆಗಳನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆ ಗಡ್ಡೆ ತಿನ್ನಲು ಒಂದು ದಿನ ಗೊತ್ತುಮಾಡಿದರು. ಗಡ್ಡೆ ಹುಳಿ, ಅಗಿದಷ್ಟೂ ಹಸಿ ಕಡಲೆಕಾಯಿಯ ಹಾಗೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದೆ. ಮೊದಲು ಬಂದದ್ದು ಭಯ. ಉಸಿರು ಮರೆತೇ ಹೋಗುತ್ತದೆ ಎನ್ನುವಂಥ ಭಯ. ಆಕೆ ಏನೂ ಹೇಳಲಿಲ್ಲ, ಮಣಿಕಟ್ಟು ಹಿಡಿದು ಕೂತರು. ಆಮೇಲೆ ಅಪ್ಪನ ಕೈ ಬಂತು. ಮುಖವಲ್ಲ, ಬರೀ ಕೈ: ಎಲೆಗೆ ಸುಣ್ಣ ಹಚ್ಚಿ ಹಚ್ಚಿ ತುದಿ ಬೆಳ್ಳಗಾಗಿದ್ದ ಹೆಬ್ಬೆರಳು, ಸೀಳಿದ ಉಗುರು. ಸಂಜೆಯವರೆಗೂ ಅತ್ತೆ.

ದೇವರು ಕಾಣಲಿಲ್ಲ. ಮಾರನೆಯ ದಿನ ಎಲ್ಲ ನಿರಾಳ ಎನಿಸಿತ್ತು. ತಿಂಗಳು ಕಳೆಯುವುದರೊಳಗೆ ಹಳೆಯ ಸಿಡುಕು ಹಾಗೇ ವಾಪಸು ಬಂತು. ಬದಲಾವಣೆ ಬಂದದ್ದು ನಿಧಾನವಾಗಿ. ಆಕೆಯ ಜೊತೆ ಮಾತು ಮುಂದುವರಿಸಿದೆ, ಭಾನುವಾರದ ಫೋನಿನಲ್ಲಿ ಅಮ್ಮ ಅಪ್ಪನ ಸುದ್ದಿ ಎತ್ತಿದಾಗ ಮಾತು ಮರೆಸದೆ ಕೇಳಿಸಿಕೊಳ್ಳತೊಡಗಿದೆ. ಮದ್ದು ಬಾಗಿಲು ತೆರೆದದ್ದು ನಿಜ. ಅದಿಲ್ಲದೆ ನಾನು ಆ ಬಾಗಿಲ ಹತ್ತಿರವೂ ಹೋಗುತ್ತಿರಲಿಲ್ಲ ಎಂಬುದೂ ನಿಜ, ಅದಕ್ಕೆ ನಾನು ಋಣಿ. ಆದರೆ ನನ್ನನ್ನು ಬೆಳೆಸಿದ್ದು ಆ ಭಾನುವಾರಗಳು.

ರಾಮದಾಸ್ ಎಂದು ಹೆಸರಾದ ರಿಚರ್ಡ್ ಆಲ್ಪರ್ಟ್ 1967ರಲ್ಲಿ ಭಾರತಕ್ಕೆ ಬಂದದ್ದೂ ಇಂಥದೇ ಕೊರತೆಯಿಂದ, ಕಂಡದ್ದು ಉಳಿಯದ ಕೊರತೆಯಿಂದ. ಹಾರ್ವರ್ಡ್‌ನಲ್ಲಿ ಸೈಕೆಡೆಲಿಕ್ ತೆಗೆದುಕೊಂಡು ಎಷ್ಟು ಸಲ ಮೇಲೇರಿದರೂ ಮತ್ತೆ ಕೆಳಗಿಳಿಯಲೇಬೇಕಾಗಿತ್ತು ಅವರಿಗೆ. ನೀಮ್ ಕರೋಲಿ ಬಾಬಾ ಎಂಬ ಗುರು ತನ್ನಿಂದಲೇ ಎಲ್‌ಎಸ್‌ಡಿ ಮಾತ್ರೆ ಕೇಳಿ ನುಂಗಿದರೆಂದೂ ಏನೂ ಆಗದವರಂತೆ ಕೂತಿದ್ದರೆಂದೂ ರಾಮದಾಸರು ಕೊನೆಯವರೆಗೂ ಹೇಳುತ್ತಿದ್ದರು.

ಮಾರ್ಷ್ ಚಾಪೆಲ್‌ನ ಆ ಎರಡೂ ಮಾತು ಮುಂದೆಯೂ ಕೇಳಿಬಂದವು. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ರೋಲಂಡ್ ಗ್ರಿಫಿತ್ಸ್ ತಂಡ 36 ಜನರಿಗೆ ಸೈಲೋಸೈಬಿನ್ ಕೊಟ್ಟು ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಎರಡು ತಿಂಗಳ ನಂತರ ಕೇಳಿದರೆ, ಮೂರರಲ್ಲಿ ಎರಡು ಪಾಲು ಜನ ಅದನ್ನು ತಮ್ಮ ಬಾಳಿನ ಐದು ಅತಿ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಸುಮಾರು ಮೂರನೇ ಒಂದು ಭಾಗದವರಿಗೆ ತೀವ್ರ ಭಯವೂ ಆಗಿತ್ತು. ಎಲ್ಲರನ್ನೂ ಮೊದಲೇ ತಪಾಸಣೆ ಮಾಡಿ ಆರಿಸಿದ್ದರು, ಪಕ್ಕದಲ್ಲಿ ಅನುಭವಿಗಳು ಕೂತಿದ್ದರು. ಹಾಗಿದ್ದೂ ಅಷ್ಟು ಭಯ. ಇನ್ನು ಹಾಸ್ಟೆಲ್ ಕೋಣೆಯಲ್ಲಿ, ಏನೆಂದು ಗೊತ್ತಿಲ್ಲದ ಕಾಗದದ ಚೂರನ್ನು ನಾಲಿಗೆ ಮೇಲಿಟ್ಟುಕೊಳ್ಳುವ ಹುಡುಗನ ಪಾಡೇನು? ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇರುವ ಮನೆತನದವರನ್ನು ಇಂಥ ಸಂಶೋಧನೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿ, ಸೈಲೋಸೈಬಿನ್ ಎರಡೂ ನಿಷಿದ್ಧ, ಸಿಕ್ಕಿಬಿದ್ದರೆ ಜೈಲು. ತೊಂದರೆಯಾದಾಗ ಹುಡುಗರು ಆಸ್ಪತ್ರೆಗೆ ಹೋಗಲೂ ಹೆದರುತ್ತಾರೆ. ಹೆದರದೆ ಹೋಗಬೇಕು, ತಗೊಂಡದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಪ್ರಶ್ನೆಗಳಿಗೆ ಸಮಯವಿದೆ ಎಂದು ಅಧ್ಯಕ್ಷರು ಸೂಚಿಸಿದ್ದಾರೆ. ಇಂಥದರಿಂದ ಮಗನೋ ಮಗಳೋ ತೊಂದರೆಗೆ ಸಿಕ್ಕಿರುವ ತಂದೆತಾಯಿ ಯಾರಾದರೂ ಇಲ್ಲಿದ್ದರೆ, ಮೊದಲು ಅವರು ಮಾತಾಡಲಿ. ಎದ್ದುನಿಂತು ಹೇಳಲು ಕಷ್ಟವಾದರೆ ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ.