ಭಿಕ್ಷೆಯಲ್ಲ, ದುಡಿಮೆಯ ಬೆಲೆ

(ಭಾಷಣದ ಸಾರಾಂಶ)



ದುರಂತ ಸಂಭವಿಸಿದಾಗ ಹೃದಯಗಳು ಕರಗುತ್ತವೆ. ಇದು ಮಾನವ ಪ್ರಕೃತಿಯಲ್ಲಿ ಅಲ್ಲಾಹನು ಇಟ್ಟಿರುವ ಗುಣ. ಆದರೆ ನಾವು ಹೇಗೆ ಕೊಡುತ್ತೇವೆ ಎಂಬುದು ಬೇರೆಯೇ ಪ್ರಶ್ನೆ. ಸಂತ್ರಸ್ತನ ಕೈಯಲ್ಲಿ ಅಕ್ಕಿಚೀಲವಿಟ್ಟು ಫೋಟೋ ತೆಗೆಸಿಕೊಂಡರೆ ಅವನ ಆ ದಿನದ ಹಸಿವು ನೀಗಬಹುದು. ಅವನ ಆತ್ಮಗೌರವ ಮಾತ್ರ ಕುಗ್ಗುತ್ತದೆ. ಗೌರವವನ್ನು ಉಳಿಸಿ ನೆರವಾಗುವ ಒಂದು ಮಾದರಿ ನಮ್ಮ ನೆರೆಯ ಕೇರಳದಲ್ಲಿದೆ.

2018ರ ಆಗಸ್ಟ್‌ನಲ್ಲಿ ಇತ್ತ ಕೊಡಗಿನ ಗುಡ್ಡಗಳು ಕುಸಿಯುತ್ತಿದ್ದಾಗ ಅತ್ತ ಕೇರಳವು ಪ್ರವಾಹದಲ್ಲಿ ಮುಳುಗಿತ್ತು. ಎರ್ನಾಕುಲಂ ಜಿಲ್ಲೆಯ ಚೇಂದಮಂಗಲಂ ಕೈಮಗ್ಗಕ್ಕೆ ಹೆಸರಾದ ಊರು. ಓಣಂ ಮಾರಾಟಕ್ಕೆಂದು ನೇಯ್ದಿಟ್ಟಿದ್ದ ಸೀರೆ, ಮುಂಡುಗಳು ಕೆಸರುಪಾಲಾದವು, ಮಗ್ಗಗಳೂ ಕೆಟ್ಟವು. ಕರಿಂಪಾಡಂನ ನೇಕಾರರ ಸಹಕಾರ ಸಂಘವೊಂದರಲ್ಲೇ ಸುಮಾರು 21 ಲಕ್ಷ ರೂಪಾಯಿಯ ಬಟ್ಟೆ ಹಾಳಾಯಿತು.

ಆಗ ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬವರು ಮುಂದೆ ಬಂದರು. ಆ ಬಟ್ಟೆಯನ್ನು ಕ್ಲೋರಿನ್‌ನಲ್ಲಿ ತೊಳೆದು, ಕುದಿಸಿ, ಕತ್ತರಿಸಿ ಪುಟ್ಟ ಗೊಂಬೆಗಳನ್ನು ಮಾಡಲಾಯಿತು. ಅವುಗಳ ಹೆಸರು ಚೇಕುಟ್ಟಿ. ಮಲಯಾಳದಲ್ಲಿ ಚೇರ್ ಎಂದರೆ ಕೆಸರು, ಕುಟ್ಟಿ ಎಂದರೆ ಮಗು. ಆಗ ಗೊಂಬೆಯೊಂದರ ಬೆಲೆ 25 ರೂಪಾಯಿ ಇತ್ತು. ಒಂದು ಸೀರೆಯಿಂದ ಸುಮಾರು 360 ಗೊಂಬೆಗಳು. ಅಂದರೆ 9,000 ರೂಪಾಯಿ. ಹೊಸದಾಗಿದ್ದಾಗ ಆ ಸೀರೆಗಿದ್ದ ಬೆಲೆಗಿಂತ ಇದು ಎಷ್ಟೋ ಪಟ್ಟು ಹೆಚ್ಚು. ಜಾತಿ, ಧರ್ಮ ಕೇಳದೆ ಊರೂರುಗಳಲ್ಲಿ ಸ್ವಯಂಸೇವಕರು ಕುಳಿತು ಗೊಂಬೆ ಕಟ್ಟಿದರು. ಹಣ ನೇಕಾರರಿಗೆ ಸಂದಿತು. ಕೊಂಡವರು ಭಿಕ್ಷೆ ಹಾಕಲಿಲ್ಲ, ಬೆಲೆ ತೆತ್ತರು.

ಇದು ನಮಗೆ ಹೊಸ ಪಾಠವೇನಲ್ಲ. ಹದೀಸ್‌ನಲ್ಲಿ ಒಂದು ಪ್ರಸಂಗವಿದೆ. ಅನ್ಸಾರಿಯೊಬ್ಬರು ನೆರವು ಕೇಳಿ ಬಂದಾಗ ಪ್ರವಾದಿ(ಸ) ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ತರಿಸಿ, ಸಭೆಯಲ್ಲೇ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಸೌದೆ ಕಡಿದು ಮಾರಿದ ಅವರು ಹದಿನೈದು ದಿನಗಳಲ್ಲಿ ಹತ್ತು ದಿರ್ಹಮ್ ಗಳಿಸಿದರು. ಹಸಿದವನಿಗೆ ಮೊದಲು ಆಹಾರ, ಜೊತೆಯಲ್ಲೇ ದುಡಿಮೆಯ ಸಾಧನ. ಪರಿಹಾರ ಕಾರ್ಯದ ಸಂಪೂರ್ಣ ಯೋಜನೆಯೇ ಇದರಲ್ಲಿದೆ.

ಆದರೆ ಎಚ್ಚರವೂ ಬೇಕು. ಇಂತಹ ವಸ್ತು ಕೊಂಡ ಹಣ ಝಕಾತ್ ಆಗದು. ಝಕಾತ್ ಅರ್ಹರ ಹಕ್ಕು. ಅದಕ್ಕೆ ಪ್ರತಿಯಾಗಿ ನಾವೇನನ್ನೂ ಪಡೆಯುವಂತಿಲ್ಲ. ಎರಡನೆಯದಾಗಿ, ಮಾರಿದವರು ಲೆಕ್ಕ ಕೊಡಬೇಕು: ಎಷ್ಟು ಬಂತು, ಖರ್ಚೆಷ್ಟು, ಸಂತ್ರಸ್ತರಿಗೆ ತಲುಪಿದ್ದೆಷ್ಟು? ಲೆಕ್ಕವಿಲ್ಲದೆಡೆ ಇತರರ ಕಣ್ಣೀರು ವ್ಯಾಪಾರದ ಸರಕಾಗುತ್ತದೆ. ಮೂರನೆಯದಾಗಿ, ಜನರು ಕೈಜೋಡಿಸಿದರೆಂಬ ಕಾರಣಕ್ಕೆ ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಕುಸಿದ ಮನೆಗೆ ಪರಿಹಾರ ಕೇಳುವುದು ಪ್ರಜೆಯ ಹಕ್ಕು.

ನಮ್ಮ ಮಹಲ್ಲಾಗಳಲ್ಲಿ ಹೊಲಿಗೆ ಬಲ್ಲ ಸಹೋದರಿಯರಿದ್ದಾರೆ, ಕಸುಬು ಬಲ್ಲ ಯುವಕರಿದ್ದಾರೆ. ಮುಂದೆ ಎಲ್ಲೇ ವಿಪತ್ತು ಬಂದರೂ ಹಳೆಬಟ್ಟೆಯ ಗಂಟು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳೋಣ: ಇವರ ಕಸುಬು ಯಾವುದಿತ್ತು, ಅದನ್ನು ಮತ್ತೆ ಆರಂಭಿಸಲು ಏನು ಬೇಕು? ಸಂತ್ರಸ್ತರು ಯಾವ ಧರ್ಮದವರೆಂಬ ಪ್ರಶ್ನೆ ಅಲ್ಲಿ ಬಾರದಿರಲಿ.

ನಮ್ಮ ಸೇವೆಯನ್ನು ಪ್ರದರ್ಶನದ ಹಂಬಲದಿಂದ ಅಲ್ಲಾಹನು ಕಾಪಾಡಲಿ. ಆಮೀನ್.