ಮನಸ್ಸಿದ್ದರೆ ಸಾಲದು, ಕೈಗೂ ವಿದ್ಯೆ ಬೇಕು
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ತೆಂಗಿನ ಮರದಿಂದ ಒಬ್ಬ ಮನುಷ್ಯ ಬಿದ್ದನೆಂದು ತಿಳಿಯಿರಿ. ಕೂಗು ಕೇಳಿದೊಡನೆ ಸುತ್ತಲ ಹೊಲಗಳಿಂದ ಜನ ಓಡಿ ಬರುತ್ತಾರೆ. ಒಬ್ಬರು ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಾರೆ. ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಹೊತ್ತು ತಂದು ಟ್ರಾಕ್ಟರಿನಲ್ಲಿ ಮಲಗಿಸುತ್ತಾರೆ. ಇವರಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಬಿದ್ದವನ ಬೆನ್ನುಮೂಳೆ ಮುರಿದಿದ್ದರೆ, ಹಾಗೆ ಬಗ್ಗಿಸಿ ಎತ್ತಿದಾಗ ಬೆನ್ನುಹುರಿಗೆ ಪೆಟ್ಟಾಗಿ ಅವನು ಬಾಳಿನುದ್ದಕ್ಕೂ ನಡೆಯದಂತಾಗಬಹುದು. ಎಚ್ಚರ ತಪ್ಪಿದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಪ್ರೀತಿಯಿಂದ ಹಿಡಿದ ಕೈಯೇ ಕೇಡು ಮಾಡಿದಂತಾಯಿತು. ಆ ಕೈಗೆ ಬೇಕಾದ ವಿದ್ಯೆಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ 2008ನೆಯ ಇಸವಿ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಫೋನಿನಲ್ಲಿ 108 ಒತ್ತಿದರೆ ವಾಹನ ಬರುತ್ತದೆ, ಹಣ ಕೊಡಬೇಕಾಗಿಲ್ಲ. ಇದು ನಿಮಗೆ ತಿಳಿದದ್ದೇ. ಆದರೆ ಅದರಲ್ಲಿ ಬರುವವರನ್ನು ಗಮನಿಸಿದ್ದೀರಾ? ವಾಹನ ನಡೆಸುವವರನ್ನು ಪೈಲಟ್ ಎನ್ನುತ್ತಾರೆ. ಹಿಂದೆ ರೋಗಿಯ ಬಳಿ ಕುಳಿತು ಆರೈಕೆ ಮಾಡುವವರು ತುರ್ತು ವೈದ್ಯಕೀಯ ತಂತ್ರಜ್ಞರು, ಅಂದರೆ ಇ.ಎಂ.ಟಿ. ಅವರು ಡಾಕ್ಟರಲ್ಲ. ಡಾಕ್ಟರ ಕೈಗೆ ಒಪ್ಪಿಸುವವರೆಗೆ ಜೀವವನ್ನು ಹಿಡಿದು ನಿಲ್ಲಿಸುವುದು ಅವರ ಕೆಲಸ.

ಈ ಕೆಲಸವನ್ನು ಪುಸ್ತಕ ಓದಿದ ಮಾತ್ರಕ್ಕೆ ಕಲಿಯಲಾಗದು. ನೇಗಿಲು ಹಿಡಿಯದೆ ಉಳುಮೆ ಬರುವುದುಂಟೇ? ತರಬೇತಿಯ ಮೊದಲ ಪಾಠವೇ ತನ್ನ ಜೀವ ಕಾಯ್ದುಕೊಳ್ಳುವುದು: ಪಂಪ್‌ಸೆಟ್ಟಿನ ತಂತಿ ತಗುಲಿ ಬಿದ್ದವನನ್ನು ಮುಟ್ಟುವ ಮುನ್ನ ವಿದ್ಯುತ್ ನಿಂತಿದೆಯೇ ಎಂದು ನೋಡಬೇಕು. ಆಮೇಲೆ ಎಚ್ಚರ, ಉಸಿರು, ನಾಡಿ. ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ಇದನ್ನು ಬೊಂಬೆಯ ಮೇಲೆ ಬೆವರು ಇಳಿಯುವ ತನಕ ಅಭ್ಯಾಸ ಮಾಡಿಸುತ್ತಾರೆ. ರಕ್ತ ನಿಲ್ಲಿಸುವುದು, ಆಮ್ಲಜನಕ ಕೊಡುವುದು, ದಾರಿಯಲ್ಲೇ ಹೆರಿಗೆಯಾದರೆ ತಾಯಿ ಮಗುವನ್ನು ನೋಡಿಕೊಳ್ಳುವುದು, ಮರದಿಂದ ಬಿದ್ದವನ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹೊರಳಿಸಿ ಹಲಗೆಗೆ ತರುವುದು, ಇವೆಲ್ಲ ಕೈಪಾಠಗಳೇ. ಬಳಿಕ ಆಸ್ಪತ್ರೆಯಲ್ಲೂ ಆಂಬುಲೆನ್ಸಿನಲ್ಲೂ ಅನುಭವಸ್ಥರ ಜೊತೆ ನಿಂತು ಕಲಿಯಬೇಕು.

ನಿಮ್ಮ ಮನೆಯಲ್ಲಿ ವಿಜ್ಞಾನ ಓದಿದ ಅಥವಾ ನರ್ಸಿಂಗ್ ಕಲಿತ ಮಗನೋ ಮಗಳೋ ಇದ್ದರೆ ಈ ದಾರಿಯನ್ನೂ ಅವರ ಮುಂದಿಡಿರಿ. ಕೆಲಸ ಸುಲಭವೆಂದು ನಾನು ಹೇಳಲಾರೆ. ರಾತ್ರಿ ಪಾಳಿ ಇದೆ. ರಕ್ತ, ಸಾವು ಕಣ್ಣಿಗೆ ಬೀಳುತ್ತವೆ. ಹಣ ಕಟ್ಟುವ ಮುನ್ನ ಮೂರು ಸಂಗತಿ ವಿಚಾರಿಸಿರಿ: ಆ ಸಂಸ್ಥೆಯ ಪ್ರಮಾಣಪತ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ? ಆಸ್ಪತ್ರೆಯಲ್ಲಿ ಕೈಕೆಲಸ ಕಲಿಸುವರೇ? ಕೆಲಸ ಕೊಡುವವರು ಕೇಳುವ ವಿದ್ಯಾರ್ಹತೆ ನಿಮ್ಮ ಮಕ್ಕಳಿಗೆ ಇದೆಯೇ? ಹೊಲ ಮಾರಿ ಬೆಲೆಯಿಲ್ಲದ ಕಾಗದ ತರಬೇಡಿರಿ.

ಉಳಿದ ನಮಗೂ ಕೆಲಸವುಂಟು. ವಾಹನ ಬರುವವರೆಗಿನ ಹೊತ್ತು ಊರಿನ ಪಾಲಿನದು. ಫೋನ್ ಮಾಡಿದವರು ಊರು, ದಾರಿ, ಗುರುತು ಬಿಡಿಸಿ ಹೇಳಲಿ. ಒಬ್ಬರು ಮುಖ್ಯ ರಸ್ತೆಗೆ ಹೋಗಿ ನಿಲ್ಲಲಿ. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಸಾಗಿಸಿರಿ. ವಿಷಕ್ಕೆ ಮದ್ದು ಅಲ್ಲಿದೆ. ಬೆಳೆಗೆ ಹೊಡೆಯುವ ಔಷಧಿ ಯಾರ ಹೊಟ್ಟೆಗಾದರೂ ಹೋಗಿದ್ದರೆ ಆ ಡಬ್ಬಿಯನ್ನೂ ಜೊತೆಗೆ ಕಳುಹಿಸಿರಿ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ನಾಳೆ ನಮ್ಮೂರಲ್ಲಿ ಯಾರಾದರೂ ಮರದಿಂದ ಬಿದ್ದರೆ, ಓಡಿ ಬಂದ ಗುಂಪಿನಲ್ಲಿ ಒಬ್ಬರಾದರೂ “ಅವರನ್ನು ಎತ್ತಬೇಡಿ, ನಾನು ಕಲಿತಿದ್ದೇನೆ” ಎನ್ನುವಂತಿರಲಿ. ಆ ಒಬ್ಬರು ಯಾರ ಮನೆಯವರು ಎಂಬುದನ್ನು ಈ ರಾತ್ರಿ ಊಟಕ್ಕೆ ಕುಳಿತಾಗ ಮಾತನಾಡಿಕೊಳ್ಳಿರಿ.